ವಿಮಾನದಲ್ಲಿ ಗಿಟಾರ್: ಬಿರುಕು ತಪ್ಪಿಸಿದ್ದು ಹೀಗೆ

ಕೆಲಸದ ಮೇಲೆ ಹೋಗುವಾಗ ಅಕೂಸ್ಟಿಕ್ ಗಿಟಾರ್ ಜೊತೆಗಿರುತ್ತದೆ. ಎರಡು ಸಲ ಲಗೇಜಿಗೆ ಹಾಕಿದಾಗಲೂ ಒಂದೇ ತೊಂದರೆ. ಗಟ್ಟಿ ಕೇಸಿಗೆ ಗೀರೂ ಇಲ್ಲ, ಆದರೆ ಒಳಗೆ ನಟ್‌ನ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹಿಂದೆ ಕೂದಲೆಳೆಯಷ್ಟು ಬಿರುಕು. ತಂತಿ ಬಿಗಿ ಮಾಡಿದರೆ ಅದು ಬಾಯಿ ಬಿಡುತ್ತಿತ್ತು.

‘ಫ್ರಜೈಲ್’ ಸ್ಟಿಕ್ಕರ್ ಅಂಟಿಸಿದ್ದು ಉಪಯೋಗವಾಗಲಿಲ್ಲ. ಕೇಸಿನ ಹೊರಗೆ ಬಬಲ್ ರ‍್ಯಾಪ್ ಸುತ್ತಿದ್ದೂ ದಂಡ. ತಂತಿ ಸಡಿಲ ಮಾಡಿದ್ದೊಂದೇ ಸಾಲಲಿಲ್ಲ.

ಕೇಸಿನಲ್ಲಿ ಕುತ್ತಿಗೆಗೆ ಆಧಾರ ಇರುತ್ತದೆ, ಹೆಡ್‌ಸ್ಟಾಕ್ (ತಂತಿ ಬಿಗಿಸುವ ಕೀಲಿಗಳಿರುವ ತಲೆಭಾಗ) ಮಾತ್ರ ಗಾಳಿಯಲ್ಲಿರುತ್ತದೆ. ಕೇಸ್ ಬಿದ್ದಾಗ ಆ ಕೀಲಿಗಳ ಭಾರಕ್ಕೆ ಅದು ಹಿಂದಕ್ಕೆ ಜಗ್ಗುತ್ತದೆ. ತುಂಬಬೇಕಾದ್ದು ಆ ಜಾಗವನ್ನೇ.

ಮೊದಲು ಆರೂ ತಂತಿಗಳನ್ನು ಎರಡು ಸೆಮಿಟೋನ್ (ಅರ್ಧ ಸ್ವರ) ಇಳಿಸಿ. ತಂತಿ ಮತ್ತು ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ) ನಡುವೆ ತೆಳು ರಟ್ಟು ತೂರಿಸಿ. ಆಮೇಲೆ ಹಳೇ ಟೀ ಶರ್ಟ್ ಮಡಚಿ ಹೆಡ್‌ಸ್ಟಾಕ್ ಅಡಿಗೆ ಇಡಿ. ದಪ್ಪ ಸರಿಯಾಗಿರಬೇಕು. ಬಟ್ಟೆ ಮತ್ತು ಹೆಡ್‌ಸ್ಟಾಕ್ ನಡುವೆ ಇಟ್ಟ ಕಾಗದ ಎಳೆದರೆ ಸ್ವಲ್ಪ ಹಿಡಿದುಕೊಂಡು ಬರಬೇಕು. ಸಲೀಸಾಗಿ ಜಾರಿದರೆ ಇನ್ನೊಂದು ಮಡಿಕೆ. ಜಾಸ್ತಿ ತುರುಕಿ ಕುತ್ತಿಗೆ ಮೇಲೆದ್ದರೆ ಒತ್ತಡ ಬಿರುಕು ಬರುವ ಜಾಗಕ್ಕೇ ಬೀಳುತ್ತದೆ, ಹಾಗಾಗಿ ಕುತ್ತಿಗೆ ಆಧಾರಕ್ಕೆ ತಾಗಿಯೇ ಇರಲಿ. ನಂತರ ಎರಡೂ ಬದಿಗೆ ಸುತ್ತಿದ ಕಾಲುಚೀಲ, ಮೇಲೊಂದು ಮಡಚಿದ ಟವೆಲ್. ಬಾಡಿಯ ಕೆಳತುದಿಯಲ್ಲಿ ಸಂದಿ ಇದ್ದರೆ ಅಲ್ಲಿಗೂ ಬಟ್ಟೆ. ಕೇಪೋ (ಕುತ್ತಿಗೆಗೆ ಹಾಕುವ ಕ್ಲಿಪ್), ಶ್ರುತಿ ನೋಡುವ ಟ್ಯೂನರ್ ಕೇಸಿನಲ್ಲಿ ಬೇಡವೇ ಬೇಡ.

ಮುಚ್ಚಿ, ಎತ್ತಿ, ಮೆಲ್ಲಗೆ ಅಲುಗಾಡಿಸಿ. ಒಳಗಿಂದ ಸದ್ದು ಬಂದರೆ ಮತ್ತೆ ತೆಗೆದು ತುಂಬಿ.

ಇಳಿದ ಮೇಲೆ ಕೇಸ್ ತಣ್ಣಗಿದ್ದರೆ ತಕ್ಷಣ ತೆರೆಯಬೇಡಿ. ಮೂರ್ನಾಲ್ಕು ಗಂಟೆ ಕೋಣೆಯಲ್ಲೇ ಮುಚ್ಚಿಡಿ, ಆಮೇಲೆ ಶ್ರುತಿ ಮಾಡಿ.