‘ಇನ್ನೊಂದ್ ಜನ್ಮ ಬ್ಯಾಡ್ರಿ ಸ್ವಾಮೇರ’: ದಾವಣಗೆರೆಯಲ್ಲಿ ನನ್ನ ಸೇವೆಯ ಅನುಭವ

ದಾವಣಗೆರೆಗೆ ಪಾದ್ರಿಯಾಗಿ ಬಂದು ಎರಡು ತಿಂಗಳಾಗಿತ್ತು. ಹೊಸಬ, ಮೇಲಾಗಿ ಹುರುಪು. ಒಂದು ಮನೆಯ ಪ್ರಾರ್ಥನೆ ಕೂಟದಲ್ಲಿ ಯೋಹಾನನ ಸುವಾರ್ತೆಯ ಮೂರನೇ ಅಧ್ಯಾಯ ತೆಗೆದು, ಮನುಷ್ಯ ಹೊಸದಾಗಿ ಹುಟ್ಟಬೇಕು ಅಂತ ಮುಕ್ಕಾಲು ಗಂಟೆ ಹೇಳಿದೆ. ಪಕ್ಕದ ಮನೆಯಿಂದ ಬಂದು ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಎಲೆ ಅಡಿಕೆ ಪಕ್ಕಕ್ಕೆ ಸರಿಸಿ ಕೈ ಮುಗಿದರು. ‘ಇನ್ನೊಂದ್ ಜನ್ಮ ಬ್ಯಾಡ್ರಿ ಸ್ವಾಮೇರ. ಇದೊಂದು ಹೊತ್ತಿದ್ದೇ ಸಾಕಾಗೈತೆ. ಮತ್ತೆ ಹುಟ್ಟದಂಗೆ ಮಾಡೋದಿದ್ರೆ ಹೇಳ್ರಿ.’

ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಹುಟ್ಟು ಸಾವಿನ ಸುತ್ತಿನಿಂದ ಬಿಡುಗಡೆಯೇ ಮುಕ್ತಿ ಅಂತ ನೂರಾರು ತಲೆಮಾರು ನಂಬಿದವರ ಮುಂದೆ ನಿಂತು, ‘ನೀವು ಮತ್ತೆ ಹುಟ್ಟಲೇಬೇಕು, ಇದೇ ಶುಭವಾರ್ತೆ’ ಅಂದುಬಿಟ್ಟಿದ್ದೆ. ಆ ಅಧ್ಯಾಯದಲ್ಲಿ ಯೇಸುವಿನ ಬಾಯಿಂದ ಇದೇ ಮಾತು ಕೇಳಿದ ನಿಕೊದೇಮನಿಗೂ ಗಲಿಬಿಲಿಯಾಗಿತ್ತು, ಮುದುಕನಾದವನು ತಾಯಿಯ ಹೊಟ್ಟೆ ಸೇರಲಾದೀತೇ ಅಂತ ಕೇಳಿದ್ದ. ಆದರೆ ಅವನಿಗೆ ಅದು ಆಗದ ಮಾತು ಅನಿಸಿತ್ತೇ ಹೊರತು ಹೆದರಿಕೆ ಹುಟ್ಟಿಸಿರಲಿಲ್ಲ. ಈ ಅಜ್ಜಿಗೆ ಹುಟ್ಟಿಸಿತು.

ನಮ್ಮದು ಉಡುಪಿ ಕಡೆ. ಮನೆಮಾತು ತುಳು, ದೇವಾಲಯದಲ್ಲಿ ಪುಸ್ತಕದ ಕನ್ನಡ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು ಕಟ್ಟಿದ ಕ್ರೈಸ್ತ ಸಭೆಗಳ ಪರಂಪರೆಯವರು ನಾವು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 2005ರಲ್ಲಿ ಸಭಾಪಾಲಕನಾಗಿ ಇಲ್ಲಿಗೆ ಹೊರಟಾಗ, ಕನ್ನಡದ ಊರಿಂದ ಕನ್ನಡದ ಊರಿಗೆ ತಾನೆ, ಏನು ಮಹಾ ಅಂದುಕೊಂಡಿದ್ದೆ. ಬೇರೆ ಸಂಸ್ಕೃತಿಯ ನಡುವೆ ಸೇವೆ ಅನ್ನುವುದು ನಾಗಾಲ್ಯಾಂಡಿಗೋ ಜಾರ್ಖಂಡಿಗೋ ಹೋಗುವವರ ಪಾಡು ಅಂತ ನನ್ನ ಲೆಕ್ಕ. ಘಟ್ಟ ಹತ್ತಿದ ಮೇಲೆ ಗೊತ್ತಾಯಿತು, ನನ್ನ ಚೀಲದಲ್ಲಿದ್ದ ಒಂದೊಂದು ಪದಕ್ಕೂ ಇಲ್ಲಿ ಮೊದಲೇ ಬೇರೆ ವಾರಸುದಾರರಿದ್ದರು.

ನಮ್ಮ ಊರಲ್ಲಿ ಪಾದ್ರಿಗೆ ‘ಅಯ್ಯನವರು’ ಅನ್ನುವುದು ರೂಢಿ. ಅದೇ ಹೆಸರು ಹೇಳಿಕೊಂಡು ಇಲ್ಲಿ ಒಂದು ಮನೆಗೆ ಮೊದಲ ಸಲ ಹೋದೆ. ಇಲ್ಲಿ ಅಯ್ನೋರು ಅಂದರೆ ಜಂಗಮರು. ಮನೆಯಾಕೆ ಮಣೆ ಹಾಕಿ, ತಂಬಿಗೆಯಲ್ಲಿ ನೀರು ತಂದು, ನನ್ನ ಕಾಲು ತೊಳೆಯಲು ಬಗ್ಗಿಯೇಬಿಟ್ಟರು. ಬೆಚ್ಚಿಬಿದ್ದ ನಾನು ‘ಇದೆಲ್ಲ ನಮ್ಮಲ್ಲಿಲ್ಲ’ ಅಂತ ಕಾಲು ಹಿಂದಕ್ಕೆಳೆದುಕೊಂಡೆ. ತಂಬಿಗೆ ಉರುಳಿತು. ಆಕೆ ಒಂದು ಮಾತೂ ಆಡದೆ ನೆಲ ಒರೆಸಿದರು. ಶಿಷ್ಯರ ಕಾಲು ತೊಳೆದ ಗುರುವಿನ ಕಥೆಯನ್ನು ಪ್ರತಿ ವರ್ಷ ಪವಿತ್ರ ಗುರುವಾರ ಬೋಧಿಸುವವನು ನಾನು! ಈಗಲೂ ಅಂಥ ಮನೆಗಳಿಗೆ ಹೋಗುತ್ತೇನೆ. ತಂಬಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ನಾನೇ ಕಾಲು ತೊಳೆದುಕೊಳ್ಳುತ್ತೇನೆ. ಪೂಜೆಯೂ ಆಗಲಿಲ್ಲ, ಅವಮಾನವೂ ಆಗಲಿಲ್ಲ.

ನಾನು ನಂಬುವುದರಲ್ಲಿ ಇಷ್ಟು ವರ್ಷದಲ್ಲಿ ಏನೂ ಬದಲಾಗಿಲ್ಲ. ಒಬ್ಬನೇ ದೇವರು, ತಂದೆ ಮಗ ಪವಿತ್ರಾತ್ಮ. ಮಗನು ಮನುಷ್ಯನಾಗಿ ಬಂದು, ಶಿಲುಬೆಯಲ್ಲಿ ನಮಗಾಗಿ ಸತ್ತು, ಮೂರನೇ ದಿನ ಎದ್ದ. ಬಿಡುಗಡೆ ಕೃಪೆಯಿಂದ, ನಂಬಿಕೆಯ ಮೂಲಕ. ನಮ್ಮ ಪುಣ್ಯದ ಗಳಿಕೆಯಿಂದಲ್ಲ. ಆತ ಮತ್ತೆ ಬರುತ್ತಾನೆ. ಇದನ್ನು ಊರಿಗೆ ತಕ್ಕಂತೆ ಸಡಿಲ ಮಾಡುವುದು ನನಗೆ ಒಗ್ಗುವುದಿಲ್ಲ. ಮಾತು ಸಿಹಿಯಾಗಲಿ ಅಂತ ‘ಎಲ್ಲ ಒಂದೇ ಬಿಡಿ’ ಅಂದವರನ್ನು ಈ ಊರಿನವರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಆದರೆ ಇದನ್ನು ಯಾವ ಪದದಲ್ಲಿ ಹೇಳುವುದು? ಪಾಪ ಅಂತ ಶುರು ಮಾಡಿದರೆ ಅಲ್ಲೇ ಎಡವಟ್ಟು. ನಾಯಿ ಕುಂಟಿದರೂ ‘ಅಯ್ಯೋ ಪಾಪ’ ಅನ್ನುವ ಭಾಷೆ ನಮ್ಮದು. ‘ಎಲ್ಲರೂ ಪಾಪಿಗಳು’ ಅಂದರೆ ಮಾತ್ರ ಕೊಲೆ, ಹಾದರ, ಪಕ್ಕದವನ ಬದು ಒತ್ತುವುದು ನೆನಪಾಗಿ ‘ನಾವೇನ್ ಅಂಥದ್ ಮಾಡೀವಿ?’ ಅನ್ನುತ್ತಾರೆ. ನನಗೆ ದಾರಿ ಸಿಕ್ಕಿದ್ದು ಎಪಿಎಂಸಿಯಲ್ಲಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಸಭೆಯ ರೈತರೊಬ್ಬರ ಜೊತೆ ದಲಾಲಿ ಅಂಗಡಿಯಲ್ಲಿ ಕೂತಿದ್ದೆ. ಚೀಲಗಳ ತೂಕವಾಯಿತು, ಹಿಂದಿನ ಮುಂಗಡ, ಬೀಜ ಗೊಬ್ಬರದ ಬಾಕಿ, ಬಡ್ಡಿ ಎಲ್ಲ ಕಳೆದು ಚೀಟಿ ಕೈಗೆ ಬಂತು. ಅವರು ಚೀಟಿ ನೋಡಲೂ ಇಲ್ಲ, ಮಡಚಿ ಜೇಬಿಗಿಟ್ಟರು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ‘ತಪ್ಪು’ ಅನ್ನುವ ಕಡೆ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಇರುವುದು ಸಾಲ ಅನ್ನುವ ಪದ. ಮುಂದಿನ ಭಾನುವಾರ ಪಾಪದ ಮಾತೆತ್ತದೆ ಸಾಲದಿಂದಲೇ ಶುರು ಮಾಡಿದೆ. ತೀರಿಸಲಾಗದ ಸಾಲ, ತಲೆಮಾರಿನಿಂದ ಬಂದದ್ದೂ ಸೇರಿ. ಕೃಪೆಗೆ ‘ಸಾಲ ಮನ್ನಾ’ ಅಂದೆ. ಸಭೆ ಮೊದಲ ಸಲ ನೆಟ್ಟಗೆ ಕೂತಿತು. ಹಿಂದಿನಿಂದ ಒಬ್ಬರು ಕೇಳಿಯೂ ಬಿಟ್ಟರು: ‘ಷರತ್ತು ಏನ್ರಿ?’ ಸರ್ಕಾರದ ಮನ್ನಾಕ್ಕೆ ಹತ್ತು ಷರತ್ತು, ಕೊನೆಗೆ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ ಅನ್ನುವುದು ಅವರ ಅನುಭವ. ಷರತ್ತಿಲ್ಲ, ಆದರೆ ಪುಕ್ಕಟೆಯೂ ಅಲ್ಲ. ಮನ್ನಾ ಆದ ಸಾಲವನ್ನು ಯಾರಾದರೂ ತುಂಬಲೇಬೇಕು ಅಂದಾಗ ಶಿಲುಬೆಯ ವಿಷಯ ತಾನಾಗಿ ಬಂತು. ಈ ಹೋಲಿಕೆಗೂ ಮಿತಿ ಇದೆ. ದೇವರನ್ನು ಬ್ಯಾಂಕ್ ಮ್ಯಾನೇಜರ್ ಮಾಡಿಬಿಡುವ ಅಪಾಯ ಇದ್ದೇ ಇದೆ. ಅದಕ್ಕೇ ಅದೇ ಉಸಿರಲ್ಲಿ ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯವನ್ನೂ, ಮನೆ ಬಿಟ್ಟುಹೋಗಿ ಮರಳಿದವನನ್ನು ತಂದೆ ಓಡಿಬಂದು ಅಪ್ಪಿಕೊಂಡ ಕಥೆಯನ್ನೂ ಹೇಳುತ್ತೇನೆ.

ಅವತಾರದ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಹಳೆಯ ಕನ್ನಡ ಬೈಬಲ್ಲೇ ಯೋಹಾನನ ಮೊದಲ ಅಧ್ಯಾಯದಲ್ಲಿ ‘ನರಾವತಾರ’ ಅಂದಿದೆ. ಸೊಗಸಾದ ಪದ. ಕೇಳಿದವರು ಯೇಸುವನ್ನು ದಶಾವತಾರದ ಸಾಲಿಗೆ ಹನ್ನೊಂದನೆಯವನಾಗಿ ಆದರದಿಂದಲೇ ಸೇರಿಸಿಕೊಳ್ಳುತ್ತಾರೆ. ಹರಿಹರದ ಹುಡುಗನೊಬ್ಬ, ಪದವಿ ಓದುತ್ತಿದ್ದವನು, ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ‘ಅರ್ಧ ದೇವ್ರು, ಅರ್ಧ ಮನುಷ್ಯ. ನಮ್ಮ ಹರಿಹರೇಶ್ವರ ಇದ್ದಂಗೆ ಅಲ್ವಾ ಸರ್?’ ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಅವರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಆ ಗುಡಿಯನ್ನು ನಾನು ಅಲ್ಲಿಯವರೆಗೆ ಬಸ್ಸಿನಿಂದಷ್ಟೇ ನೋಡಿದ್ದೆ. ಅವನ ಜೊತೆಗೇ ಹೋದೆ. ಒಂದೇ ಮೂರ್ತಿ, ಅರ್ಧ ಹರ, ಅರ್ಧ ಹರಿ. ಶೈವ ವೈಷ್ಣವರ ಜಗಳಕ್ಕೆ ಕಲ್ಲಿನಲ್ಲಿ ಕೊಟ್ಟ ಉತ್ತರ ಅನಿಸಿ ಗೌರವ ಹುಟ್ಟಿತು. ಆಚೆ ತುಂಗಭದ್ರೆಯ ದಡದಲ್ಲಿ ಕೂತು ಅವನಿಗೆ ಹೇಳಿದೆ, 451ರಲ್ಲಿ ಕಲ್ಸೆದೋನ್ ಅನ್ನುವ ಊರಲ್ಲಿ ಸಭೆ ಸೇರಿದ್ದ ಬಿಷಪ್ಪರು ಜಗಳವಾಡಿದ್ದೇ ಈ ‘ಅರ್ಧ’ದ ಮೇಲೆ, ಅವರು ತೀರ್ಮಾನಿಸಿದ್ದು ಅರ್ಧ ಅರ್ಧ ಅಲ್ಲ, ಪೂರ್ತಿ ದೇವರು, ಪೂರ್ತಿ ಮನುಷ್ಯ ಅಂತ. ಜೊತೆಗೆ, ನಮ್ಮ ವಿಶ್ವಾಸ ಪ್ರಮಾಣದಲ್ಲಿ ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಪೊಂತ್ಯ ಪಿಲಾತ ಅನ್ನುವ ಸರ್ಕಾರಿ ಅಧಿಕಾರಿಯ ಹೆಸರಿದೆ. ಕ್ರಿ.ಶ. 26ರಿಂದ 36ರವರೆಗೆ ಯೂದಾಯದ ಅಧಿಪತಿ. ಪ್ರಾರ್ಥನೆಯಲ್ಲಿ ಅಧಿಕಾರಿಯ ಹೆಸರು ಯಾಕೆ ಅಂತ ಚಿಕ್ಕಂದಿನಲ್ಲಿ ನನಗೇ ನಗು ಬರುತ್ತಿತ್ತು. ಇದು ಯುಗಗಳ ಲೆಕ್ಕದ್ದಲ್ಲ, ತಾರೀಖಿನ ಲೆಕ್ಕದ ಸಂಗತಿ ಅನ್ನುವುದಕ್ಕೆ ಅದು ಸಾಕ್ಷಿ. ಹುಡುಗ ಒಪ್ಪಲಿಲ್ಲ. ಈಗ ಬೆಂಗಳೂರಿನಲ್ಲಿದ್ದಾನೆ, ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಾನೆ.

ಸೋತದ್ದು ಮಂಡಕ್ಕಿ ಭಟ್ಟಿಯಲ್ಲಿ. ಭಟ್ಟಿಯಲ್ಲಿ ಅಕ್ಕಿ ಹುರಿಯುವ ಸಾಬರೊಬ್ಬರು ನನಗೆ ಸ್ನೇಹಿತರು. ಕಾದ ಮರಳಿಗೆ ಅಕ್ಕಿ ಬೀಳುತ್ತಿದ್ದಂತೆ ಅರಳಿ ಬಾಣಲೆ ಬೆಳ್ಳಗಾಗುವುದನ್ನು ನೋಡುವುದೇ ಒಂದು ಚಂದ. ಅವರು ಕೇಳಿದರು, ‘ಒಬ್ನೇ ಖುದಾ ಅಂತೀರಿ, ಮೂವರು ಅಂತೀರಿ. ಯಾವ್ದು ಪಾದ್ರಿ ಸಾಹೇಬ್ರೇ?’ ನಾನು ಭಾನುವಾರ ಶಾಲೆಯ ಹಳೇ ಉತ್ತರ ಕೊಟ್ಟೆ: ನೀರು, ಮಂಜುಗಡ್ಡೆ, ಹಬೆ, ಒಂದೇ ವಸ್ತು, ಮೂರು ರೂಪ. ಜರಡಿ ಆಡಿಸುತ್ತಲೇ ಅವರು ಅಂದರು, ‘ಹಬೆ ಆದಾಗ ನೀರಿರಲ್ಲ. ಹಂಗಾರೆ ಮಗ ಬಂದಾಗ ತಂದೆ ಇರ್ಲಿಲ್ಲ?’ ಒಬ್ಬನೇ ದೇವರು ಮೂರು ರೂಪ ತಾಳುತ್ತಾನೆ ಅಷ್ಟೇ ಅನ್ನುವ, ಮೂರನೇ ಶತಮಾನದ ಸಬೆಲ್ಲಿಯನ ವಾದವನ್ನು ಸಭೆ ತಳ್ಳಿಹಾಕಿದ್ದು ಇದೇ ಕಾರಣಕ್ಕೆ. ನಾನು ಗೊತ್ತಿಲ್ಲದೆ ಅವನ ವಕೀಲನಾಗಿದ್ದೆ. ಯೇಸು ಯೊರ್ದನ್ ನದಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಮಗ ನೀರಲ್ಲಿ, ಆತ್ಮ ಇಳಿದು ಬರುವಾಗ, ತಂದೆಯ ದನಿ ಆಕಾಶದಿಂದ, ಮೂವರೂ ಒಟ್ಟಿಗೇ ಇದ್ದಾರೆ. ಆಮೇಲೆ ನಾನು ತ್ರಯೇಕತ್ವಕ್ಕೆ ಹೋಲಿಕೆ ಕೊಡುವುದನ್ನೇ ಬಿಟ್ಟೆ, ಆ ಕಥೆ ಹೇಳಿ ಸುಮ್ಮನಾಗುತ್ತೇನೆ.

ರೊಟ್ಟಿಯ ವಿಷಯ ಹೇಳಲೇಬೇಕು. ಕನ್ನಡ ಬೈಬಲ್ಲಿನಲ್ಲಿ ಯೇಸು ಮುರಿಯುವುದು ರೊಟ್ಟಿಯನ್ನು. ಆತನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನಕ್ಕೆ ನಾವು ಬಳಸುತ್ತಿದ್ದುದು ಬೇಕರಿಯ ಬ್ರೆಡ್ಡು, ಜ್ವರ ಬಂದವರು ತಿನ್ನುವಂಥದ್ದು. ನಮ್ಮದು ಪ್ರಾಟೆಸ್ಟೆಂಟ್ ಸಭೆ, ಗೋದಿಯೇ ಆಗಬೇಕೆಂಬ ಕಟ್ಟಳೆ ಕಥೋಲಿಕರಷ್ಟು ಬಿಗಿಯಿಲ್ಲ. ಹಿರಿಯರ ಜೊತೆ ಮೂರು ಸಲ ಕೂತು ಮಾತಾಡಿ, ಒಂದು ಭಾನುವಾರ ಹಳ್ಳಿಯ ಕೂಟದಲ್ಲಿ ಜೋಳದ ಕಡಕ್ ರೊಟ್ಟಿ ಇಟ್ಟೆವು. ಮುರಿದಾಗ ಚಟ್ ಅಂತ ಸದ್ದಾಗಿ ತುಣುಕು ಬಿಳೀ ಬಟ್ಟೆಯ ಮೇಲೆಲ್ಲ ಹಾರಿತು. ಮುರಿಯುವುದು ಅಂದರೆ ಇಷ್ಟು ಜೋರಾಗಿ ಕೇಳಿಸುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಮುಂದಿನ ಸಲ ಬಿಸಿ ರೊಟ್ಟಿ ತಂದರು, ಅದು ಹರಿಯಿತೇ ಹೊರತು ಮುರಿಯಲಿಲ್ಲ. ಮತ್ತೆ ಕಡಕ್‌ಗೇ ಬಂದೆವು.

ಪ್ರಸಾದದ ಪ್ರಶ್ನೆಗೆ ಈಗಲೂ ಎಲ್ಲರೂ ಒಪ್ಪುವ ಉತ್ತರ ನನ್ನಲ್ಲಿಲ್ಲ. ಊರದೇವತೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಅಕ್ಕಪಕ್ಕದ ಮನೆಗಳಿಂದ ಡಬ್ಬಿ ಬರುತ್ತದೆ. ಅಪೊಸ್ತಲ ಪೌಲನು ಕೊರಿಂಥ ಊರಿನ ಸಭೆಯವರಿಗೆ ಬರೆದದ್ದನ್ನೇ ಹಿಡಿದಿದ್ದೇನೆ: ಊಟಕ್ಕೆ ಕರೆದರೆ ಬಡಿಸಿದ್ದನ್ನು ಪ್ರಶ್ನೆ ಕೇಳದೆ ಉಣ್ಣು, ‘ಇದು ನೈವೇದ್ಯದ್ದು’ ಅಂತ ಯಾರಾದರೂ ಹೇಳಿದರೆ ಅವರ ಮನಸ್ಸಾಕ್ಷಿಯ ಸಲುವಾಗಿ ಬಿಡು. ಹೋಳಿಗೆ ಇಸಿದುಕೊಳ್ಳುತ್ತೇನೆ, ಗುಡಿಯದ್ದು ಅಂದರೆ ಕೈ ಮುಗಿದು ಕಾರಣ ಹೇಳುತ್ತೇನೆ. ನಮ್ಮ ಸಭೆಯಲ್ಲಿ ಕೆಲವರಿಗೆ ಇದು ಅತಿ ಸಡಿಲ, ಕೆಲವರಿಗೆ ಅತಿ ಬಿಗಿ.

ಕಾನೂನಿನ ಬಗ್ಗೆ ಎರಡು ಮಾತು. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನಗೆ ಇದರಿಂದ ತೊಡಕಾಗಿಲ್ಲ. ಮನಸ್ಸು ತಿರುಗಿಸುವುದು ನನ್ನ ಕೈಲಿಲ್ಲ ಅನ್ನುವುದು ನನ್ನ ನಂಬಿಕೆಯ ಒಳಗೇ ಇದೆ. ಅಕ್ಕಿ ಹಂಚುವ ದಿನ ಬೋಧನೆ ಇಲ್ಲ, ಹೆತ್ತವರಿಲ್ಲದೆ ಮಕ್ಕಳಿಗೆ ಪಾಠ ಇಲ್ಲ, ಆಸ್ಪತ್ರೆಯಲ್ಲಿ ಕೇಳದೆ ಪ್ರಾರ್ಥನೆ ಇಲ್ಲ. ಒಮ್ಮೆ ಕೆಲವರು ಬಂದು ಬಾಗಿಲಲ್ಲಿ ಕೂಗಾಡಿದಾಗ ಇವೇ ನನ್ನನ್ನು ಉಳಿಸಿದವು. ಪಕ್ಕದ ಕಿರಾಣಿ ಅಂಗಡಿಯವರು ಎದ್ದು ಬಂದು, ‘ಇವ್ರನ್ನ ನಾವ್ ನೋಡ್ತಾ ಇದೀವಿ, ನೀವ್ ಹೋಗ್ರಿ’ ಅಂದರು.

ದೊಡ್ಡ ತಪ್ಪು ಮಾಡಿದ್ದು ನ್ಯಾಮತಿ ಕಡೆಯ ಲಂಬಾಣಿ ತಾಂಡಾವೊಂದರಲ್ಲಿ. ಲಂಬಾಣಿಗರ ಗುರು ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಅದೇ ಸೀಮೆಯಲ್ಲಿದೆ. ದೀಪಾವಳಿಗೆ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ‘ಮೇರಾ’ ಹಾಡಿ ಹರಸುತ್ತಾರೆ. ನಮ್ಮ ಸಭೆಯ ಒಂದೇ ಒಂದು ಕುಟುಂಬ ಅಲ್ಲಿತ್ತು. ಮಗಳು ಹೋಗಲಾ ಅಂತ ಕೇಳಿದಳು. ನೋಡದೆ, ಕೇಳದೆ, ಬೇಡ ಅಂದುಬಿಟ್ಟೆ. ಆ ರಾತ್ರಿ ತಾಂಡಾದ ಅಷ್ಟೂ ಮನೆಗೆ ದೀಪ ಬಂದು ಹೋಯಿತು, ಅವಳು ಬಾಗಿಲ ಸಂದಿಯಲ್ಲಿ ನಿಂತು ನೋಡಿದಳಂತೆ. ಅವಳ ತಾಯಿ ನನಗೆ ಹೇಳಿದ್ದು ಮೂರು ವರ್ಷದ ಮೇಲೆ. ಆ ವರ್ಷ ನಾನೇ ಹೋಗಿ ಕೂತು ಕೇಳಿದೆ, ಒಂದೊಂದು ಸಾಲಿಗೂ ಅರ್ಥ ಹೇಳಿಸಿಕೊಂಡೆ. ತಾಯಿಗೆ ಹರಕೆ, ತಂದೆಗೆ ಹರಕೆ. ಬೇಡ ಅನ್ನಲು ಏನಿತ್ತು ಅದರಲ್ಲಿ? ಹುಡುಗಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಮೇರಾ ಮದುವೆಯಾಗದ ಹುಡುಗಿಯರದು.

ಅವಳ ತಂಗಿ ಈಗ ಹೋಗುತ್ತಾಳೆ. ಅವಳೇ ಕೂತು ಯೇಸು ಕಲಿಸಿದ ಪ್ರಾರ್ಥನೆಯನ್ನು ತಮ್ಮ ಲಂಬಾಣಿ ಮಾತು ಗೋರ್ ಬೋಲಿಯಲ್ಲಿ, ಕನ್ನಡ ಅಕ್ಷರದಲ್ಲಿ ಬರೆದಿದ್ದಾಳೆ. ನನಗೆ ಓದಲು ಬರುತ್ತದೆ, ಉಚ್ಚಾರ ಬರುವುದಿಲ್ಲ. ತಿದ್ದುತ್ತಾಳೆ.

ಆ ಅಜ್ಜಿಗೆ ಉತ್ತರ ಕೊಡಲು ನನಗೆ ಎರಡು ವರ್ಷ ಹಿಡಿಯಿತು. ‘ಹೊಸದಾಗಿ’ ಅಂತ ನಾವು ಓದುವ ಗ್ರೀಕ್ ಪದಕ್ಕೆ ‘ಮೇಲಿನಿಂದ’ ಅನ್ನುವ ಅರ್ಥವೂ ಇದೆ. ಇನ್ನೊಂದು ಜನ್ಮ ಅಲ್ಲಜ್ಜಿ, ಇದೇ ಜನ್ಮದಲ್ಲಿ, ದೇವರ ಮನೆ ಮಗಳಾಗಿ, ಒಂದೇ ಸಲ ಅಂದೆ. ಅಜ್ಜಿ ಅಡಿಕೆ ಕತ್ತರಿಸುತ್ತಾ ಅಂದರು, ‘ಹಂಗಾರೆ ಪರವಾಗಿಲ್ಲ. ಅವತ್ತೇ ಹೇಳ್ಬಾರ್ದಿತ್ತೇನ್ರಿ?’