ಎರಡೇ ಇಂಕಲ್ಲಿ ಕಾಡು ಹಬ್ಬಿಸಿದ್ದು: ನನ್ನ ಅನುಭವ

ಗಿಡ ಬಳ್ಳಿಗಳನ್ನ ತನ್ನ ಮಾತಿನಂತೆ ಕುಣಿಸೋ ಮಂತ್ರಶಕ್ತಿ ಇರೋ ಸೂಪರ್‌ಹೀರೋಯಿನ್, ಅವಳ ಕಾಮಿಕ್ಸು ಬರೀ ಕಪ್ಪು ಮತ್ತೆ ಹಸಿರು ಇಂಕಲ್ಲಿ ಅಂದಾಗ ಗೊತ್ತಿರೋ ಆರ್ಟಿಸ್ಟುಗಳೆಲ್ಲ ಬೇಡವೇ ಬೇಡ ಅಂದ್ರು. 1966ರಲ್ಲಿ ಬ್ಯಾಟ್‌ಮನ್ 181ನೇ ಸಂಚಿಕೇಲಿ ಬಂದ, ಗಿಡಗಳನ್ನ ಆಡಿಸೋ ವಿಲನ್ ಪಾಯ್ಸನ್ ಐವಿನ ನೋಡು, ಆ ಹಸಿರಿನ ಪಕ್ಕ ಕೆಂಪು ಕೂದಲು ತೆಗೆದ್ರೆ ಏನುಳಿಯುತ್ತೆ, ಫುಲ್ ಕಲರ್ ಇಲ್ದೆ ಆಗಲ್ಲ ಅನ್ನೋದು ಅವರ ವಾದ. ಈಗ ಪುಸ್ತಕ ಪ್ರಿಂಟಾಗಿ ಕೈಲಿದೆ, ಅವರೇ ಬಳ್ಳಿ ಹೆಂಗೆ ಮಾಡ್ದೆ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಆಫ್‌ಸೆಟ್ ಪ್ರಿಂಟಿಂಗಲ್ಲಿ ಇಂಕಿಗೊಂದು ಅಚ್ಚಿನ ಪ್ಲೇಟು, ಫುಲ್ ಕಲರ್‌ಗೆ ನಾಲ್ಕು ಬೇಕು, ನಂಗೆ ಎರಡು ಸಾಕಾಯ್ತು. ನೆನಪಿರೋ ಹಾಗೆ ಖರ್ಚಲ್ಲಿ ಮೂರರಲ್ಲೊಂದು ಭಾಗ ಉಳೀತು, ಅದನ್ನ ಪೂರ್ತಿ ಒಳ್ಳೆ ಪೇಪರಿಗೆ ಹಾಕ್ದೆ. ಆದ್ರೆ ಅಲ್ಲಿಗೆ ಬರೋಕೆ ಮುಂಚೆ ಸುರಿದ ದುಡ್ಡೂ ಕಮ್ಮಿ ಇಲ್ಲ. ಕಂಪ್ಯೂಟರಲ್ಲಿ ಗೆರೆ ಎಳೆದ ಕಡೆಯೆಲ್ಲ ಬಳ್ಳಿ ಮೂಡಿಸೋ ಡಿಜಿಟಲ್ ಬ್ರಷ್‌ಗಳನ್ನ ಒಂದಾದ್ಮೇಲೆ ಒಂದು ಕೊಂಡೆ, ಎಲ್ಲದ್ರಲ್ಲೂ ಅದೇ ನಾಕೈದು ಎಲೆ ತಿರುಗಿ ತಿರುಗಿ ಬರುತ್ತೆ, ದೊಡ್ಡ ಪ್ಯಾನೆಲ್ಲಲ್ಲಿ (ಪುಟದ ಒಂದೊಂದು ಚಿತ್ರದ ಚೌಕ) ಗೋಡೆ ವಾಲ್‌ಪೇಪರ್ ಥರ ಕಾಣ್ತಿತ್ತು.

ಕೊನೆಗೆ ನಿಜವಾದ ಎಲೆಗೇ ಇಂಕ್ ಹಚ್ಚಿ ಪೇಪರ್ ಮೇಲೆ ಒತ್ತಿದೆ. ಎಲೆ ಹಿಂಭಾಗಾನೇ ಬೇಕು, ನರ ಉಬ್ಬಿರೋದು ಅಲ್ಲೇ. ಹಸಿ ಎಲೆ ರಸ ಬಿಟ್ಟು ಕಲೆ ಮಾಡುತ್ತೆ, ಪೂರ್ತಿ ಒಣಗಿದ್ದು ಪುಡಿಯಾಗುತ್ತೆ, ಒಂದೆರಡು ದಿನ ಪುಸ್ತಕದ ಕೆಳಗಿಟ್ಟು ಇನ್ನೂ ಬಗ್ಗೋ ಹಂಗಿರುವಾಗ ತೆಗೀಬೇಕು. ವಾಟರ್ ಬೇಸ್ ಇಂಕ್ ರೋಲರ್ ಮೇಲೇ ಒಣಗಿ ಕೈಕೊಡ್ತು, ಆಯಿಲ್ ಬೇಸ್‌ಗೆ ಬಂದೆ, ಅದಕ್ಕೆ ಇನ್ನೇನು ಸೇರಿಸ್ತೀನಿ ಅನ್ನೋದನ್ನ ಮಾತ್ರ ನಾನೇ ಇಟ್ಕೋತೀನಿ. ಜರೀಗಿಡದ ಎಲೆ ಬಂದಷ್ಟು ಚೆನ್ನಾಗಿ ಬೇರೆ ಯಾವುದೂ ಬರ್ಲಿಲ್ಲ. ಸ್ಕ್ಯಾನ್ 1200 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ), ಬಿಟ್‌ಮ್ಯಾಪ್, ಅಂದ್ರೆ ಬೂದು ಇಲ್ದೆ ಬರೀ ಕಪ್ಪು ಬಿಳುಪು.

ಇಡೀ ಪುಸ್ತಕ ನಿಂತಿರೋದು ಒಂದು ನಿಯಮದ ಮೇಲೆ, ಅವಳ ಶಕ್ತಿ ಓಡ್ತಿರೋ ಜಾಗದಲ್ಲಿ ಮಾತ್ರ ಹಸಿರು. ಸುಮ್ನೆ ನಿಂತಿರೋ ಮರ ಕೂಡ ಕಪ್ಪು ಬಿಳುಪೇ. ಅವಳು ಒಣಕೊಂಬೆ ಮುಟ್ಟಿದ್ರೆ ಬೆರಳ ತುದಿಯಿಂದ ಹಸಿರು ಶುರುವಾಗಿ ಪ್ಯಾನೆಲ್ ದಾಟಿ ಹರಿಯುತ್ತೆ, ಸುಸ್ತಾದಾಗ ವಾಪಸ್ ಬೆರಳಿಗೇ ಬರುತ್ತೆ, ಒಂದು ಡೈಲಾಗೂ ಇಲ್ದೆ ಅವಳಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತೆ. ಫುಲ್ ಕಲರಲ್ಲಿ ಇದು ಇಷ್ಟು ಗಟ್ಟಿಯಾಗಿ ಬರ್ತಾನೇ ಇರ್ಲಿಲ್ಲ!

ಕಪ್ಪನ್ನ ಓವರ್‌ಪ್ರಿಂಟ್‌ಗೆ ಇಡಿ, ಅಂದ್ರೆ ಕೆಳಗಿನ ಹಸಿರನ್ನ ಕತ್ತರಿಸದೆ ಅದರ ಮೇಲೇ ಕಪ್ಪು ಅಚ್ಚಾಗ್ಲಿ, ಇಲ್ಲಾಂದ್ರೆ ಪ್ಲೇಟ್ ಕೂದಲೆಳೆ ಸರಿದ್ರೂ ಗೆರೆ ಪಕ್ಕ ಬಿಳಿ ಸಂದು ಕಾಣುತ್ತೆ.

ಇನ್ನೊಂದು, ಬಳ್ಳಿನ ಮಿರರ್ ಮಾಡಿ ಪೇಸ್ಟ್ ಮಾಡ್ಬೇಡಿ. ಬೀನ್ಸ್ ಬಳ್ಳಿ ಮೇಲಿಂದ ನೋಡಿದ್ರೆ ಗಡಿಯಾರಕ್ಕೆ ಎದುರಾಗಿ ಸುತ್ತುತ್ತೆ, ಹನಿಸಕಲ್ ಅನ್ನೋ ಹೂಬಳ್ಳಿ ಗಡಿಯಾರದ ದಿಕ್ಕಲ್ಲೇ. ಫ್ಲಿಪ್ ಮಾಡಿದ್ರೆ ಗಿಡದ ಜಾತೀನೇ ಸುಳ್ಳಾಗುತ್ತೆ, ಗಿಡ ಬಲ್ಲೋರು ತಕ್ಷಣ ಹಿಡೀತಾರೆ.

ಮಧ್ಯದಲ್ಲಿ ಅಣಬೆ ಕಡೆ ಹೋಗಿದ್ದೆ. ಕೊಡೆ ಭಾಗಾನ ಅದರ ಒಳಮೈ ಪೇಪರಿಗೆ ತಾಗೋ ಹಂಗಿಟ್ಟು ರಾತ್ರಿಯಿಡೀ ಮುಚ್ಚಿಟ್ರೆ ಬೀಜಾಣು ಉದುರಿ ಸೂರ್ಯಕಿರಣದಂಥ ಗೆರೆ ಬೀಳುತ್ತೆ, ಬಿಳಿ ಬೀಜಾಣುವಿನ ಜಾತಿಗೆ ಕಪ್ಪು ಪೇಪರ್ ಬೇಕು. ಅಲ್ಲಾಡಿಸೋಕೆ ಮುಂಚೆ ಫಿಕ್ಸೆಟಿವ್ (ಪುಡಿ ಪೇಪರಿಗೆ ಅಂಟಿ ನಿಲ್ಲೋ ಹಂಗೆ ಮಾಡೋ ಸ್ಪ್ರೇ) ದೂರದಿಂದ ಹೊಡೀಬೇಕು, ಹತ್ರ ಹಿಡಿದ್ರೆ ಎಲ್ಲಾ ಹಾರೋಗುತ್ತೆ. ಹೀರೋಯಿನ್ ಪ್ರಭೆಗೆ ಅದು ಹೊಂದಲಿಲ್ಲ, ಆದ್ರೆ ಕೊಳೆಸೋ ಶಕ್ತಿ ಇರೋ ವಿಲನ್‌ಗೆ ಸರಿಯಾಗಿ ಕೂರುತ್ತೆ, ಎರಡನೇ ಸಂಚಿಕೆಗೆ ಅದನ್ನೇ ಮಾಡ್ತಿದೀನಿ.