ಮಳೆ ಹಿಡಿಯುವ ಮೊದಲು ಶಾಲೆಯ ಲ್ಯಾಪ್‌ಟಾಪ್ ಸಜ್ಜು ಮಾಡುವುದು: ನನ್ನ ಅನುಭವ

ಕೊಡಗಿನಲ್ಲಿ ಶಾಲೆ ಶುರುವಾಗುವುದಕ್ಕೂ ಮಳೆ ಹಿಡಿಯುವುದಕ್ಕೂ ಹೆಚ್ಚು ದಿನಗಳ ಅಂತರವಿಲ್ಲ. ಮಕ್ಕಳ ಕೈಗೆ ಲ್ಯಾಪ್‌ಟಾಪ್ ಸೇರುವ ಹೊತ್ತಿಗೇ ಎಲ್ಲೋ ತೋಟದಲ್ಲಿ ಮರ ಲೈನಿನ ಮೇಲೆ ಬಿದ್ದು ಕರೆಂಟು ಹೋಗುತ್ತದೆ. ಅದರ ಬೆನ್ನಿಗೇ ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕೂ ಹೋಗುತ್ತದೆ. ಹಾಗಾಗಿ ನಾನು ಇಟ್ಟುಕೊಂಡಿರುವ ಲೆಕ್ಕ ಒಂದೇ. ಶಾಲೆಯ ವೈಫೈ ಮತ್ತು ಪ್ಲಗ್ಗು ಹತ್ತಿರವಿರುವಾಗಲೇ ಎಲ್ಲ ಕೆಲಸ ಮುಗಿಸಿ, ನೆಟ್ ಇಲ್ಲದ ಮನೆಯಲ್ಲೂ ಮೂರು ದಿನ ನಡೆಯುವಂತೆ ಯಂತ್ರವನ್ನು ಕಳಿಸಬೇಕು. ಇಲ್ಲಿ ಬರೆದಿರುವುದು ವಿಂಡೋಸ್ 11 ಇರುವ ಯಂತ್ರಗಳ ಬಗ್ಗೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹಳೆಯ ಯಂತ್ರ ಹಂಚುವ ಮೊದಲು ಅದು 11ಕ್ಕೆ ಏರುತ್ತದೆಯೇ ಎಂದು ನೋಡಿಕೊಳ್ಳಿ.

ಡಬ್ಬಿಯಿಂದ ತೆಗೆದ ಹೊಸ ಯಂತ್ರ ಪವರ್ ಬಟನ್ ಒತ್ತಿದರೆ ಏಳದಿದ್ದರೆ ಗಾಬರಿ ಬೇಡ. ಸಾಗಾಟಕ್ಕೆಂದು ಅದರ ಬ್ಯಾಟರಿಯನ್ನು ಮಲಗಿಸಿರುತ್ತಾರೆ, ಚಾರ್ಜರ್ ಚುಚ್ಚಿದರೆ ಎಚ್ಚರವಾಗುತ್ತದೆ. ತಳಭಾಗದ ಸೀರಿಯಲ್ ನಂಬರನ್ನು ರಿಜಿಸ್ಟರಿಗೆ ಬರೆಯುವಾಗ ಅಡಾಪ್ಟರಿನ ನಂಬರನ್ನೂ ಪಕ್ಕದಲ್ಲೇ ಬರೆಯಬೇಕು. ತರಗತಿಯಲ್ಲಿ ಮೊದಲು ಅದಲುಬದಲಾಗುವುದು ಅಡಾಪ್ಟರು. 45 ವ್ಯಾಟ್ ಬೇಡುವ ಯಂತ್ರಕ್ಕೆ ಅದೇ ಕಂಪನಿಯ, ಅದೇ ವೋಲ್ಟಿನ 65 ವ್ಯಾಟ್ ಅಡಾಪ್ಟರ್ ಹಾಕಿದರೆ ತೊಂದರೆಯಿಲ್ಲ. 65 ಬೇಡುವ ಯಂತ್ರಕ್ಕೆ 45ರದ್ದು ಹಾಕಿದರೆ ಚಾರ್ಜ್ ಆಮೆಯಂತೆ ಏರುತ್ತದೆ, ಮಕ್ಕಳು ಬ್ಯಾಟರಿಯೇ ಹಾಳಾಗಿದೆ ಎಂದು ತರುತ್ತಾರೆ.

ಮೊದಲ ಸೆಟಪ್ಪಿನಲ್ಲಿ ದೇಶ ಭಾರತ, ಕೀಬೋರ್ಡ್ ಇಂಗ್ಲಿಷ್ ಇಂಡಿಯಾ. ಯುಕೆ ಕೀಬೋರ್ಡ್ ಆರಿಸಿದರೆ ಅಟ್ ಚಿಹ್ನೆ ಇರಬೇಕಾದ ಕಡೆ ಉದ್ಧರಣ ಚಿಹ್ನೆ ಬರುತ್ತದೆ. ಆಮೇಲೆ ಇಮೇಲ್ ವಿಳಾಸ ಬರೆಯಲಾಗದೆ ಒದ್ದಾಟ. ನಂತರ ಬರುವ ಪ್ರಶ್ನೆ ಮುಖ್ಯ: ಸ್ವಂತ ಬಳಕೆಗೋ, ಕೆಲಸ ಅಥವಾ ಶಾಲೆಗೋ? ಅವಸರದಲ್ಲಿ ಸ್ವಂತ ಬಳಕೆ ಒತ್ತಿ ಮನೆಯವರ ಇಮೇಲ್ ಕೊಟ್ಟುಬಿಟ್ಟರೆ ಶಾಲೆಯ ಸೆಟ್ಟಿಂಗು, ಶಾಲೆಯ ಆ್ಯಪ್ಪು ಯಾವುದೂ ಇಳಿಯುವುದಿಲ್ಲ. ಅದನ್ನು ಸರಿಮಾಡಲು ಬಹುತೇಕ ಮೊದಲಿನಿಂದಲೇ ಶುರುಮಾಡಬೇಕು.

ಮೊದಲ ಅಪ್‌ಡೇಟಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಹಲವು ಜಿಬಿ ಇಳಿಯುತ್ತದೆ. ಮೂವತ್ತು ಯಂತ್ರವನ್ನು ಒಟ್ಟಿಗೆ ಕೂರಿಸಿದರೆ ಶಾಲೆಯ ವೈಫೈ ಮೇಲೇಳುವುದಿಲ್ಲ. ನಾನು ಐದೈದೇ ಮಾಡುತ್ತೇನೆ. ಅಪ್‌ಡೇಟ್ ಸೆಟ್ಟಿಂಗಿನ ಒಳಗೆ ಡೆಲಿವರಿ ಆಪ್ಟಿಮೈಸೇಶನ್ ಎಂಬಲ್ಲಿ, ಲೋಕಲ್ ನೆಟ್‌ವರ್ಕಿನ ಯಂತ್ರಗಳಿಂದ ಪಡೆಯುವುದನ್ನು ಆನ್ ಮಾಡಿದರೆ ಮೊದಲ ಐದು ಇಳಿಸಿಕೊಂಡದ್ದನ್ನು ಉಳಿದವು ಅವುಗಳಿಂದಲೇ ಎಳೆದುಕೊಳ್ಳುತ್ತವೆ. ಅಪ್‌ಡೇಟ್ ಮುಗಿದ ಮೇಲೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಬೇಕು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಮಾಮೂಲಿ ಶಟ್‌ಡೌನಿನಲ್ಲಿ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಅದರ ತಿರುಳು ಡಿಸ್ಕಿಗೆ ಹೋಗಿ ಮಲಗಿರುತ್ತದೆ, ಮರುದಿನ ಅದೇ ಹಳೆಯ ಸ್ಥಿತಿಯಲ್ಲಿ ಏಳುತ್ತದೆ.

ಯಾವ ಮಗುವಿಗೆ ಯಂತ್ರ ಕೊಡುತ್ತೇವೋ ಆ ಮಗುವೇ ಶಾಲೆಯಲ್ಲಿ ಕೂತು ತನ್ನ ಖಾತೆಯಿಂದ ಒಮ್ಮೆ ಲಾಗಿನ್ ಆಗಬೇಕು, ಪಿನ್ ಹಾಕಿಕೊಳ್ಳಬೇಕು. ಮೊದಲ ಲಾಗಿನ್ನಿಗೆ ನೆಟ್ ಬೇಕೇ ಬೇಕು, ಆಮೇಲಿನದಕ್ಕೆ ಬೇಡ. ಇದೇ ಹೊತ್ತಿನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಶಾಲೆಯ ಖಾತೆಯಲ್ಲಿ ಉಳಿದಿದೆಯೇ ಎಂದು ತೆರೆದೇ ನೋಡುತ್ತೇನೆ. ಅದು 48 ಅಂಕಿಯ ಸಂಖ್ಯೆ. ಬಯೋಸ್ (ವಿಂಡೋಸಿಗೂ ಮೊದಲು ಓಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದಾಗ, ಮದರ್‌ಬೋರ್ಡ್ ಬದಲಿಸಿದಾಗ ಯಂತ್ರ ಇದ್ದಕ್ಕಿದ್ದಂತೆ ನೀಲಿ ಪರದೆ ತೋರಿಸಿ ಇದನ್ನು ಕೇಳುತ್ತದೆ. ಆ ಸಂಖ್ಯೆ ಸಿಗದಿದ್ದರೆ ಒಳಗಿನ ಫೈಲನ್ನು ಯಾವ ರಿಪೇರಿಯವರೂ ತೆಗೆದುಕೊಡಲಾರರು.

ಮಳೆಗಾಲದಲ್ಲಿ ಅತಿ ಹೆಚ್ಚು ಕೇಳಿಬರುವ ದೂರು, ‘ಸಾರ್, ಫೈಲ್ ಕಾಣ್ತದೆ, ಆದ್ರೆ ತೆಗೆಯಕ್ಕೆ ಆಗ್ತಿಲ್ಲ.’ ಕಾರಣ ಒನ್‌ಡ್ರೈವ್, ಅಂದರೆ ಫೈಲುಗಳನ್ನು ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟಿನ ಸೇವೆ. ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆದು ಪ್ರತಿ ಫೈಲಿನ ಪಕ್ಕದ ಗುರುತನ್ನು ನೋಡಿ. ಸಣ್ಣ ಮೋಡದ ಗುರುತಿದ್ದರೆ ಫೈಲಿನ ಹೆಸರು ಮಾತ್ರ ನಿಮ್ಮ ಯಂತ್ರದಲ್ಲಿದೆ, ಒಳಗಿನದೆಲ್ಲ ಎಲ್ಲೋ ಸರ್ವರಿನಲ್ಲಿದೆ. ಬಿಳಿ ವೃತ್ತದಲ್ಲಿ ಹಸಿರು ಟಿಕ್ ಇದ್ದರೆ ಒಮ್ಮೆ ಇಳಿದಿದೆ, ಆದರೆ ಜಾಗ ಕಡಿಮೆಯಾದರೆ ವಿಂಡೋಸ್ ಅದನ್ನು ಮತ್ತೆ ಮೋಡಕ್ಕೆ ಕಳಿಸಬಹುದು. ತುಂಬಿದ ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಮಾತ್ರ ಫೈಲು ಯಂತ್ರದಲ್ಲೇ ಗಟ್ಟಿಯಾಗಿ ಉಳಿಯುತ್ತದೆ. ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ‘ಸದಾ ಈ ಯಂತ್ರದಲ್ಲೇ ಇರಿಸು’ ಎಂಬ ಅರ್ಥದ ಆಯ್ಕೆ ಒತ್ತಿದರೆ ಆ ಗುರುತು ಬರುತ್ತದೆ. ಪಾಠದ ಫೋಲ್ಡರ್ ಒಂದನ್ನೇ ಹೀಗೆ ಮಾಡಿದರೂ ಸಾಕು. ಪಠ್ಯಪುಸ್ತಕಗಳ ಪಿಡಿಎಫ್ ಮತ್ತು ಕಿವಿಕ್ಸ್ (ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಆ್ಯಪ್) ಮೂಲಕ ಇಡೀ ಕನ್ನಡ ವಿಕಿಪೀಡಿಯವನ್ನೂ ನಾನು ಪೆನ್‌ಡ್ರೈವಿನಿಂದಲೇ ಹಾಕಿಕೊಡುತ್ತೇನೆ. ಮೂವತ್ತು ಸಲ ಡೌನ್‌ಲೋಡ್ ಮಾಡುವ ಕೆಲಸ ಉಳಿಯುತ್ತದೆ.

ಮನೆಗೆ ಕಳಿಸುವ ಮುನ್ನ ಐದು ನಿಮಿಷದ ಪರೀಕ್ಷೆಯನ್ನು ನಾನು ಒಂದು ಯಂತ್ರಕ್ಕೂ ಬಿಡುವುದಿಲ್ಲ. ಏರ್‌ಪ್ಲೇನ್ ಮೋಡ್ ಹಾಕಿ, ಚಾರ್ಜರ್ ಕಿತ್ತು, ರೀಸ್ಟಾರ್ಟ್ ಮಾಡಿ. ಪಿನ್ ಒತ್ತಿ ಒಳಗೆ ಹೋಗಲಿ. ಒಂದು ಪಠ್ಯಪುಸ್ತಕ ತೆರೆಯಲಿ. ಕನ್ನಡದಲ್ಲಿ ಒಂದು ಸಾಲು ಬರೆದು ಉಳಿಸಲಿ. ಇದರಲ್ಲಿ ಎಲ್ಲಿ ತಡೆಯುತ್ತದೋ ಮನೆಯಲ್ಲೂ ಅಲ್ಲೇ ತಡೆಯುತ್ತದೆ.

ಕನ್ನಡ ಬರೆಯಲು ಬೇರೆ ತಂತ್ರಾಂಶ ಹುಡುಕಬೇಕಿಲ್ಲ. ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ (ಕನ್ನಡದ್ದೇ ಕೀಲಿ ಜೋಡಣೆ) ಮತ್ತು ಫೊನೆಟಿಕ್ (ಉಚ್ಚಾರದಂತೆ ಇಂಗ್ಲಿಷ್ ಅಕ್ಷರ ಒತ್ತುವುದು) ಎರಡೂ ಸಿಗುತ್ತವೆ. ಹೊಸಬರಿಗೆ ಫೊನೆಟಿಕ್ ಸುಲಭ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಆದರೆ ಇಂಗ್ಲಿಷನ್ನೇ ಮೊದಲ ಕೀಬೋರ್ಡಾಗಿ ಇಡಿ. ಲಾಗಿನ್ ಪರದೆಯಲ್ಲಿ ಕನ್ನಡ ಕೀಬೋರ್ಡ್ ಆನ್ ಆಗಿಬಿಟ್ಟರೆ ಸರಿಯಾದ ಪಾಸ್‌ವರ್ಡೂ ತಪ್ಪಾಗುತ್ತದೆ, ಮತ್ತು ಅಲ್ಲಿ ಅಕ್ಷರದ ಬದಲು ಬರೀ ಚುಕ್ಕಿ ಕಾಣುವುದರಿಂದ ಮಗುವಿಗೆ ಗೊತ್ತೇ ಆಗುವುದಿಲ್ಲ. ಪರದೆಯ ಕೆಳಗಿನ ಬಲ ಮೂಲೆಯಲ್ಲಿ ಯಾವ ಭಾಷೆ ಇದೆ ನೋಡು ಎಂದು ಮೊದಲೇ ಹೇಳಿಕೊಡಬೇಕು. ಕಚೇರಿಯಿಂದ ಬಂದ ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಬರಹ. ಫೈಲು ಕೆಟ್ಟಿಲ್ಲ. ಆ ಫಾಂಟ್ ಹಾಕಿ ಅಥವಾ ಯೂನಿಕೋಡಿಗೆ ಪರಿವರ್ತಿಸಿ.

ಮನೆಯಲ್ಲಿ ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿದ ಕೂಡಲೇ ಆ ನೆಟ್‌ವರ್ಕಿನ ಮೇಲೆ ಕ್ಲಿಕ್ ಮಾಡಿ ಮೀಟರ್ಡ್ ಕನೆಕ್ಷನ್ (ಡೇಟಾ ಮಿತವಾಗಿ ಬಳಸು ಎಂದು ವಿಂಡೋಸಿಗೆ ಹೇಳುವ ಸೆಟ್ಟಿಂಗು) ಆನ್ ಮಾಡಬೇಕು. ಇಲ್ಲವಾದರೆ ಅಪ್ಪನ ಫೋನಿನ ದಿನದ ಡೇಟಾವನ್ನು ಅಪ್‌ಡೇಟೇ ನುಂಗುತ್ತದೆ. ಇದು ನೆಟ್‌ವರ್ಕಿನ ಹೆಸರಿಗೆ ಅಂಟಿದ ಸೆಟ್ಟಿಂಗು. ಫೋನು ಬದಲಾದರೆ, ಹಾಟ್‌ಸ್ಪಾಟಿನ ಹೆಸರು ಬದಲಾದರೆ ಮತ್ತೆ ಮಾಡಬೇಕು. ಅಂಗಳದ ಮೂಲೆಯಲ್ಲಷ್ಟೇ ಸಿಗ್ನಲ್ ಸಿಗುವ ಮನೆಗಳಲ್ಲಿ ಫೋನನ್ನು ಕಿಟಕಿಯ ಮೇಲಿಟ್ಟು ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಡಿ. ದಪ್ಪ ಗೋಡೆಯನ್ನು ಅದು 5ಕ್ಕಿಂತ ಚೆನ್ನಾಗಿ ದಾಟುತ್ತದೆ. ಬ್ಯಾಟರಿ ಪೂರ್ತಿ ಇಳಿದು ಹಲವು ದಿನ ಬಿದ್ದಿದ್ದ ಯಂತ್ರದಲ್ಲಿ ಯಾವ ವೆಬ್‌ಸೈಟ್ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬಂದರೆ ಮೊದಲು ದಿನಾಂಕ ನೋಡಿ. ಗಡಿಯಾರ ಹಿಂದೆ ಬಿದ್ದರೆ ಪ್ರಮಾಣಪತ್ರಗಳೆಲ್ಲ ಸುಳ್ಳಾಗಿ ಕಾಣುತ್ತವೆ.

ಇನ್ನು ಕರೆಂಟು. ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದ್ದರೆ ಟ್ಯೂಬ್‌ಲೈಟ್ ಹತ್ತದ 160 ವೋಲ್ಟಿನಲ್ಲೂ ಅದು ಚಾರ್ಜ್ ಮಾಡುತ್ತದೆ, ಸ್ಟೆಬಿಲೈಸರ್‌ಗೆ ಹಣ ಹಾಕಬೇಡಿ. ತೊಂದರೆ ಕೊಡುವುದು ಕಡಿಮೆ ವೋಲ್ಟೇಜ್ ಅಲ್ಲ, ಹೋದ ಕರೆಂಟು ಮರಳಿ ಬರುವ ಕ್ಷಣದ ಏರು. ಕರೆಂಟು ಹೋದೊಡನೆ ಪ್ಲಗ್ ಕಿತ್ತು, ಬಂದು ಐದು ಹತ್ತು ನಿಮಿಷ ನಿಂತ ಮೇಲೆ ಚುಚ್ಚುವುದು ಒಳ್ಳೆಯದು. ತೋಟದ ಡೀಸೆಲ್ ಜನರೇಟರಿನಲ್ಲಿ ಪಂಪ್ ಆಫ್ ಆಗುವಾಗ ವೋಲ್ಟೇಜ್ ಜಿಗಿಯುತ್ತದೆ. ಅದರಿಂದ ಚಾರ್ಜ್ ಮಾಡುವುದಾದರೆ ಪಂಪ್ ನಡೆಯದ ಹೊತ್ತಿನಲ್ಲಿ ಮಾಡಿ.

ಚಾರ್ಜ್ ಮಾಡುವಾಗ ಲೋಹದ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲು ಮನೆಗಳು) ಮಕ್ಕಳು ಹೇಳುವುದುಂಟು. ಅಡಾಪ್ಟರಿನೊಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಅತಿ ಸಣ್ಣ ಸೋರಿಕೆ ಸದಾ ಇರುತ್ತದೆ. ಮೂರು ಪಿನ್ನಿನ ಅಡಾಪ್ಟರಿನಲ್ಲಿ ಅದು ಅರ್ಥ್ ತಂತಿಗೆ ಹೋಗಬೇಕು. ಅರ್ಥ್ ಇಲ್ಲದ ಸಾಕೆಟ್ಟಿನಲ್ಲಿ, ಅಥವಾ ಮೂರು ಪಿನ್ನನ್ನು ಎರಡು ಮಾಡುವ ಕನ್ವರ್ಟರ್ ಹಾಕಿದಾಗ, ಅದಕ್ಕೆ ಒದ್ದೆ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ಕೂತ ಮಗುವಿನ ಮೈಯೇ ದಾರಿ. ಕನ್ವರ್ಟರ್ ತೆಗೆಸಿ. ಅರ್ಥ್ ಇಲ್ಲದ ಮನೆಯಲ್ಲಿ ಚಾರ್ಜ್ ಆಗುವಾಗ ಮುಟ್ಟಬಾರದು, ಪ್ಲಗ್ ಕಿತ್ತ ಮೇಲೆ ಬ್ಯಾಟರಿಯಲ್ಲಿ ಬಳಸಲಿ. ಜುಮ್ ಅಲ್ಲ, ಶಾಕ್ ಹೊಡೆದರೆ ಅಲ್ಲಿಗೇ ನಿಲ್ಲಿಸಿ ವೈರ್‌ಮನ್ ಕರೆಸಬೇಕು. ಇದರಲ್ಲಿ ನಾನು ಯಾರ ಮಾತಿಗೂ ಒಪ್ಪುವುದಿಲ್ಲ.

ಬ್ಯಾಟರಿಯ ಬಾಳಿಕೆಗೆ ಚಾರ್ಜನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಸೆಟ್ಟಿಂಗ್ ಹೆಚ್ಚಿನ ಯಂತ್ರಗಳಲ್ಲಿದೆ. ಒಳ್ಳೆಯ ಅಭ್ಯಾಸವೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅದನ್ನು ತೆಗೆದುಬಿಡುತ್ತೇನೆ. ಎರಡು ದಿನ ಕರೆಂಟಿಲ್ಲದ ಊರಿನಲ್ಲಿ ಆ ಇಪ್ಪತ್ತು ಪ್ರತಿಶತವೇ ಒಂದು ಸಂಜೆಯ ಓದು. ಟೈಪ್ ಸಿ ಮೂಲಕ ಚಾರ್ಜ್ ಆಗುವ ಯಂತ್ರವಾದರೆ, 45 ವ್ಯಾಟ್ ಪಿಡಿ (ಪವರ್ ಡೆಲಿವರಿ, ಟೈಪ್ ಸಿಯ ವೇಗದ ಚಾರ್ಜಿಂಗ್) ಇರುವ 20,000 ಎಂಎಎಚ್ ಪವರ್‌ಬ್ಯಾಂಕ್ ಒಂದು ಪೂರ್ತಿ ಚಾರ್ಜಿಗೆ ಸಾಕು. ಬ್ಯಾಟರಿಯ ಆರೋಗ್ಯ ನೋಡಲು ಕಮಾಂಡ್ ಪ್ರಾಂಪ್ಟಿನಲ್ಲಿ powercfg /batteryreport ಎಂದು ಬರೆದು ಎಂಟರ್ ಒತ್ತಿ. ಬರುವ ವರದಿಯಲ್ಲಿ ಡಿಸೈನ್ ಕೆಪಾಸಿಟಿಗೂ ಫುಲ್ ಚಾರ್ಜ್ ಕೆಪಾಸಿಟಿಗೂ ಹೋಲಿಸಿ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಬಂದಿದ್ದರೆ ಬ್ಯಾಟರಿ ಬದಲಿಸಲು ಕೇಳಬಹುದು.

ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ತೇವದ ಕಾಟ ಬೇರೆಯೇ. ಗೋಡೆ, ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಹೊತ್ತಿನಲ್ಲಿ ಬ್ಯಾಗಿನಲ್ಲಿ ವಾರ ಬಿದ್ದ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲೂ ಬಿಳಿ ಪುಡಿ ಕಾಣುತ್ತದೆ. ದಿನಕ್ಕೆ ಒಂದು ಗಂಟೆ ಆನ್ ಮಾಡಿಡುವುದೇ ಅತಿ ಅಗ್ಗದ ಮದ್ದು, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಬಳಸದ ದಿನ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ಹದಿನೈದು ಲೀಟರ್ ಡಬ್ಬಿಗೆ 100ರಿಂದ 150 ಗ್ರಾಂ ಸಾಕು. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ್ದು ತನ್ನಿ. ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ.

ಬಟ್ಟೆ, ಕೊಬ್ಬರಿ ಇಟ್ಟಂತೆ ಲ್ಯಾಪ್‌ಟಾಪನ್ನೂ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಹೊಗೆಯ ಮಸಿ ಎಣ್ಣೆಯಂತೆ ಅಂಟುವಂಥದ್ದು. ಅದು ಫ್ಯಾನಿನ ರೆಕ್ಕೆಗೂ ಅದರ ಹಿಂದಿನ ತಾಮ್ರದ ಜಾಲರಿಗೂ ಹಿಡಿದರೆ ಮೇಲೆ ಧೂಳು ಕೂತು ಗಾಳಿಯೇ ಆಡುವುದಿಲ್ಲ, ಯಂತ್ರ ಬಿಸಿಯಾಗಿ ನಿಧಾನವಾಗುತ್ತದೆ.

ಶಾಲೆಗೆ ತರುವಾಗ ಸ್ಪಂಜಿನ ಕವರಿನೊಳಗೆ ಲ್ಯಾಪ್‌ಟಾಪ್, ಅದರ ಹೊರಗೆ ಪ್ಲಾಸ್ಟಿಕ್, ಆಮೇಲೆ ಬ್ಯಾಗು. ಪ್ಲಾಸ್ಟಿಕ್ ಒಳಗೆ, ಸ್ಪಂಜು ಹೊರಗೆ ಆದರೆ ಸ್ಪಂಜು ನೀರು ಕುಡಿದು ದಿನವಿಡೀ ಒಣಗುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತುವ ಮೊದಲು ಶಟ್‌ಡೌನ್ ಮಾಡಲೇಬೇಕು. ಬರೀ ಮುಚ್ಚಳ ಮುಚ್ಚಿದರೆ ಯಂತ್ರ ನಿದ್ದೆಯಿಂದ ತಾನೇ ಎದ್ದು ಒಳಗೇ ಕಾಯುತ್ತದೆ. ಬಸ್ಸಿನಲ್ಲಿ ಬ್ಯಾಗನ್ನು ಒದ್ದೆ ನೆಲದ ಮೇಲೆ ಇಡದೆ ತೊಡೆಯ ಮೇಲೆ ಇಟ್ಟುಕೊಳ್ಳಲಿ.

ನೀರೋ ಕಾಫಿಯೋ ಚೆಲ್ಲಿದರೆ ಚಾರ್ಜರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿಹಿಡಿದು ಆರಿಸಿ, ತೆರೆದ ಪುಸ್ತಕ ಕವುಚಿದಂತೆ ಗುಡಾರದ ಹಾಗೆ ನಿಲ್ಲಿಸಿ. ಅಕ್ಕಿಯಲ್ಲಿ ಹೂಳುವುದರಿಂದ ಅಕ್ಕಿಯ ಧೂಳು ಪೋರ್ಟಿಗೆ ಸೇರುತ್ತದೆಯೇ ಹೊರತು ತೇವ ಹೋಗುವುದಿಲ್ಲ. ಬರೀ ನೀರಾದರೆ ಎರಡು ದಿನ ಒಣಗಿಸಿ ನೋಡಬಹುದು. ಬೆಲ್ಲದ ಕಾಫಿಯಾದರೆ ಒಣಗಿದ ಮೇಲೂ ಅಂಟು ಉಳಿದು ಬೋರ್ಡನ್ನು ತಿನ್ನುತ್ತದೆ. ಹಾಗಾಗಿ ಆನ್ ಮಾಡಿ ನೋಡದೆ, ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆಯುವವರ ಕೈಗೇ ಕೊಡಬೇಕು. ಮೊದಲ ಮಳೆಯ ಸಂಜೆ ಈಸಲು ಹುಳು ಪರದೆಯ ಬೆಳಕಿಗೆ ಮುತ್ತಿದರೆ ಒರೆಸುತ್ತಾ ಕೂರಬೇಡಿ, ರೆಕ್ಕೆಗಳು ಕೀಲಿಯ ಸಂದಿಗೆ ಇಳಿಯುತ್ತವೆ. ಮುಚ್ಚಿ ಅರ್ಧ ಗಂಟೆ ಬಿಡಿ.

ಯಂತ್ರ ನಿಧಾನವಾಯಿತೆಂದು ಪೇಟೆಯ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸುವುದು ಬೇಡ. ಶಾಲೆಗೆ ನೋಂದಾಯಿಸಿದ ಯಂತ್ರ ಅಳಿಸಿದ ಮೇಲೂ ಶಾಲೆಯ ಖಾತೆಯನ್ನೇ ಕೇಳಬಹುದು, ಮಗುವಿನ ಫೈಲು ಮಾತ್ರ ಹೋಗಿರುತ್ತದೆ.

ಏಪ್ರಿಲ್ ರಜೆಗೆ ಯಂತ್ರ ಹಿಂದಿರುಗಿಸುವಾಗ ತನ್ನ ಬರಹ, ಫೋಟೊಗಳನ್ನು ಮಗು ಪೆನ್‌ಡ್ರೈವಿಗೆ ಹಾಕಿಕೊಂಡು, ಬ್ರೌಸರಿನಲ್ಲಿರುವ ಸ್ವಂತ ಖಾತೆಯಿಂದ ಸೈನ್‌ಔಟ್ ಆಗಿರಬೇಕು. ಎರಡು ತಿಂಗಳು ಕಪಾಟಿನಲ್ಲಿ ಮಲಗುವ ಬ್ಯಾಟರಿಯನ್ನು 50ರಿಂದ 60 ಪ್ರತಿಶತದಲ್ಲಿ ನಿಲ್ಲಿಸುತ್ತೇನೆ. ಸೊನ್ನೆಯಲ್ಲಿ ಬಿಟ್ಟರೆ ಅದು ಮತ್ತೆ ಏಳದೆ ಹೋಗಬಹುದು, ನೂರರಲ್ಲಿ ಬಿಟ್ಟರೆ ಬೇಗ ಮುಪ್ಪಾಗುತ್ತದೆ. ಆ ತಿಂಗಳುಗಳ ಗುಡುಗು ಸಿಡಿಲಿಗೆ ಕಂಪ್ಯೂಟರ್ ಕೋಣೆಯ ಅಡಾಪ್ಟರುಗಳನ್ನೂ ರೌಟರಿನ ತಂತಿಯನ್ನೂ ಗೋಡೆಯಿಂದ ಕಿತ್ತಿಟ್ಟೇ ಬೀಗ ಹಾಕುವುದು.